ಹಲ್ಲಿನೊಳಗಿನ ಗಾರೆ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಹೋದ ಹಲ್ಲು ಹೋದಂತೆಯೇ. ಹುಳುಕು ಹಿಡಿದ ದವಡೆ ಹಲ್ಲಿಗೆ ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನಿಟ್ಟು ನೋವನ್ನು ಸೈರಿಸುವುದು, ಅದಕ್ಕೂ ಬಗ್ಗದಿದ್ದರೆ ಕೀಳಿಸಿಬಿಡುವುದು, ಇವೆರಡೇ ಆಗಿನ ದಾರಿಗಳು. ಇಂದಿನ ಗೃಹಸ್ಥನ ಮುಂದೆ ಮೂರನೆಯ ದಾರಿಯೊಂದಿದೆ. ದಂತವೈದ್ಯರು ಹುಳುಕನ್ನು ಕೆರೆದು ತೆಗೆಯುತ್ತಾರೆ. ಕುಳಿಯನ್ನು ತೊಳೆದು ಒಣಗಿಸುತ್ತಾರೆ. ಹಲ್ಲಿನ ಬಣ್ಣದ್ದೇ ಆದ ಮೆತ್ತನೆಯ ಲೇಪವೊಂದನ್ನು ಅದರಲ್ಲಿ ತುಂಬಿ, ನೀಲಿ ಬೆಳಕಿನ ಕೊಳವೆಯೊಂದನ್ನು ಅರ್ಧ ನಿಮಿಷದಷ್ಟು ಹೊತ್ತು ಹಿಡಿಯುತ್ತಾರೆ. ಮೇಣದಂತಿದ್ದುದು ಅಷ್ಟರಲ್ಲಿ ಕಲ್ಲಿನಂತಾಗುತ್ತದೆ. ಅಂದು ರಾತ್ರಿಯೇ ಮನೆಯ ಯಜಮಾನರು ಎಂದಿನಂತೆ ಊಟಕ್ಕೆ ಕೂಡಬಹುದು.

ಆ ಲೇಪ ಯಾವುದರಿಂದ ಆದುದೆಂದು ವಿಚಾರಿಸುವವರು ವಿರಳ. ವಿಚಾರಿಸಿದವರಿಗೆ ತುಸು ದಿಗಿಲೇ ಆಗಬಹುದು. ಅದರ ತೂಕದಲ್ಲಿ ನೂರಕ್ಕೆ 60ರಿಂದ 80ರಷ್ಟು ಪಾಲು ನುಣ್ಣಗೆ ಅರೆದ ಗಾಜಿನ ಪುಡಿ ಮತ್ತು ಗಾಜಿನ ಜಾತಿಗೇ ಸೇರಿದ ಸಿಲಿಕಾ ಕಣಗಳು! ಉಳಿದುದು ಪ್ಲಾಸ್ಟಿಕ್ಕಿನ ಜಾತಿಯ ಒಂದು ರಾಳ. ಈ ಮಿಶ್ರಣಕ್ಕೆ ಕಾಂಪೊಸಿಟ್ ಎಂದು ಹೆಸರು. ಗಾಜು ಎಷ್ಟು ಭಿದುರವೆಂಬುದನ್ನು ಬಳೆ ತೊಟ್ಟ ಗೃಹಿಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ಲಾಸ್ಟಿಕ್ಕಿನ ಬಾಚಣಿಗೆಯ ಮೇಲೆ ಉಗುರಿನಿಂದಲೂ ಗೀರೆಳೆಯಬಹುದು. ಒಡೆಯುವುದೊಂದು, ಸವೆಯುವುದೊಂದು. ಇವೆರಡನ್ನು ಕಲಸಿದರೆ ಚಕ್ಕುಲಿ ಕಡಿಯುವ ಹಲ್ಲಿಗೆ ಹೊಂದುವಷ್ಟು ಗಟ್ಟಿಯಾದ ವಸ್ತು ಹುಟ್ಟುವುದೆಂತು?

ಮನೆ ಕಟ್ಟುವ ಮೇಸ್ತ್ರಿಗೆ ಈ ಪ್ರಶ್ನೆಯ ಅರ್ಧ ಉತ್ತರ ತಿಳಿದಿದೆ. ಬರಿಯ ಸುಣ್ಣವನ್ನು ಗೋಡೆಗೆ ದಪ್ಪನಾಗಿ ಬಳಿದರೆ ಅದು ಒಣಗುತ್ತ ಕುಗ್ಗಿ ಬಿರುಕು ಬಿಡುತ್ತದೆ. ಮರಳು ಬೆರೆಸಿ ಗಾರೆ ಮಾಡಿದರೆ ಬಿರಿಯದೆ ನಿಲ್ಲುತ್ತದೆ. ಮರಳು ಕುಗ್ಗುವುದಿಲ್ಲ, ಸುಲಭವಾಗಿ ಸವೆಯುವುದೂ ಇಲ್ಲ; ಸುಣ್ಣ ಅದನ್ನು ಒಂದೆಡೆ ಹಿಡಿದಿಡುತ್ತದೆ. ದಂತವೈದ್ಯರ ಲೇಪದಲ್ಲಿ ರಾಳವೇ ಸುಣ್ಣ, ಗಾಜೇ ಮರಳು. ಉತ್ತರದ ಉಳಿದರ್ಧ ಮಾತ್ರ ಮೇಸ್ತ್ರಿಗೂ ಗೊತ್ತಿಲ್ಲದ್ದು. ಅದನ್ನು ಕಂಡುಕೊಳ್ಳಲು 1950ರ ದಶಕದ ಕೊನೆಯವರೆಗೂ ಕಾಯಬೇಕಾಯಿತು.

ಬೆಳ್ಳಿಯ ಹಲ್ಲು

ಅದಕ್ಕೆ ಮುಂಚೆ ದವಡೆ ಹಲ್ಲಿನ ಕುಳಿಗೆ ತುಂಬುತ್ತಿದ್ದುದು ಅಮಾಲ್ಗಮ್ ಎಂಬ ಲೋಹಮಿಶ್ರಣವನ್ನು. ಬೆಳ್ಳಿ, ತವರ, ತಾಮ್ರಗಳ ಪುಡಿಗೆ ಹೆಚ್ಚುಕಡಮೆ ಅಷ್ಟೇ ತೂಕದ ಪಾದರಸವನ್ನು ಸೇರಿಸಿ ಕಲಸಿದರೆ ಅದು ತಯಾರಾಗುತ್ತದೆ. ಅಗಿಯುವ ಒತ್ತಡಕ್ಕೆ ಅದು ಚೆನ್ನಾಗಿ ತಡೆದುಕೊಳ್ಳುತ್ತದೆ, ವರ್ಷಾನುಗಟ್ಟಲೆ ಬಾಳುತ್ತದೆ. ಆದರೆ ಅದಕ್ಕೆ ಎರಡು ಕೊರತೆಗಳು. ಬಣ್ಣ ಕಪ್ಪು ಎಂಬುದು ಎಲ್ಲರಿಗೂ ಕಾಣುವ ಕೊರತೆ. ಕಾಣದ ಕೊರತೆ ಅದಕ್ಕಿಂತ ದೊಡ್ಡದು: ಅಮಾಲ್ಗಮ್ ತನ್ನಷ್ಟಕ್ಕೆ ಹಲ್ಲಿಗೆ ಅಂಟುವುದಿಲ್ಲ. ಕುಳಿಯಿಂದ ಅದು ಉದುರದಿರಬೇಕಾದರೆ ಕುಳಿಯನ್ನು ಬಾಯಿ ಕಿರಿದಾಗಿ ಒಡಲು ಅಗಲವಾಗಿರುವ ಮಡಕೆಯ ಆಕಾರಕ್ಕೆ ಕೊರೆಯಬೇಕು. ಹೀಗೆ ಕೊರೆಯುವಾಗ ಹುಳುಕಿನ ಜೊತೆಗೆ ಆರೋಗ್ಯವಾದ ಹಲ್ಲೂ ಹೋಗುತ್ತದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ದಂತವೈದ್ಯ ಜಿ. ವಿ. ಬ್ಲ್ಯಾಕ್ ಅವರು ಈ ಕೊರೆತಕ್ಕೆ ನಿಯಮಗಳನ್ನು ಹಾಕಿಕೊಟ್ಟರು. ಅನೇಕ ತಲೆಮಾರುಗಳ ವೈದ್ಯರು ಅವನ್ನು ಪಾಲಿಸಿದರು.

ಮುಂಬಾಯಿಯಲ್ಲಿ ಕಾಣುವ ಹಲ್ಲಿಗೆ ಈ ಕಪ್ಪು ಲೋಹವನ್ನು ತುಂಬಿಸಿಕೊಳ್ಳಲು ಯಾರು ತಾನೇ ಒಪ್ಪುವರು? ಅಂಥ ಹಲ್ಲುಗಳಿಗೆ ಬಿಳಿಯ ಸಿಲಿಕೇಟ್ ಸಿಮೆಂಟನ್ನು ತುಂಬುವ ರೂಢಿಯಿತ್ತು. ಅದು ಎಂಜಲಿನಲ್ಲಿ ಮೆಲ್ಲಮೆಲ್ಲನೆ ಕರಗುತ್ತಿತ್ತು. 1940ರ ದಶಕದಲ್ಲಿ ಅಕ್ರಿಲಿಕ್ ರಾಳ ಬಂದಿತು. ನೋಡುವುದಕ್ಕೆ ಅದು ಚೆನ್ನ. ಆದರೆ ಗಟ್ಟಿಯಾಗುವಾಗ ಬಹಳ ಕುಗ್ಗುತ್ತದೆ. ಮೇಲಾಗಿ ಶಾಖಕ್ಕೆ ಅದು ಹಿಗ್ಗುವ ಪ್ರಮಾಣ ಹಲ್ಲಿನ ಏಳೆಂಟು ಪಟ್ಟು. ಬಿಸಿ ಕಾಫಿ ಕುಡಿದಾಗ ಹಿಗ್ಗಿ, ತಣ್ಣೀರು ಕುಡಿದಾಗ ಕುಗ್ಗಿ, ಹಲ್ಲಿಗೂ ತನಗೂ ನಡುವಣ ಸಂದಿನಲ್ಲಿ ಅದು ಎಂಜಲನ್ನು ತಿದಿಯಂತೆ ಒಳಗೆಳೆದು ಹೊರಗೊತ್ತುತ್ತಿತ್ತು. ಎಂಜಲಿನೊಡನೆ ಸೂಕ್ಷ್ಮಜೀವಿಗಳೂ ಒಳಸೇರಿ, ತುಂಬಿದ ಹಲ್ಲಿಗೇ ಮತ್ತೆ ಹುಳುಕು ಹತ್ತುತ್ತಿತ್ತು.

ರಾಳಕ್ಕೆ ಗಟ್ಟಿಯಾದ ಪುಡಿಯನ್ನು ಬೆರೆಸಿದರೆ ಕುಗ್ಗುವುದೂ ಹಿಗ್ಗುವುದೂ ಕಡಮೆಯಾಗಬೇಕೆಂಬುದು ಹಲವರಿಗೆ ಹೊಳೆದಿತ್ತು. 1950ರ ದಶಕದ ಆರಂಭದಲ್ಲಿ ಬೆರೆಸಿ ನೋಡಿದವರೂ ಇದ್ದರು. ಆದರೆ ಫಲ ಅಷ್ಟಕ್ಕಷ್ಟೆ. ಕಣಗಳು ರಾಳದಲ್ಲಿ ಹುದುಗಿದ್ದುವೇ ಹೊರತು ರಾಳಕ್ಕೆ ಅಂಟಿರಲಿಲ್ಲ.

ಬೋವೆನ್ ಕಂಡುಕೊಂಡ ನಂಟು

ಈ ಕೊರತೆಯನ್ನು ನೀಗಿಸಿದವರು ರಾಫೆಲ್ ಬೋವೆನ್. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ, ಅಲ್ಲಿಯ ದಂತವೈದ್ಯ ಸಂಘದ ಪರವಾಗಿ ಸಂಶೋಧನೆ ನಡೆಸುತ್ತಿದ್ದ ಅವರು ಸ್ವತಃ ದಂತವೈದ್ಯರು. ಅವರು ಮೊದಲು ಪರೀಕ್ಷಿಸಿದ್ದು ಎಪಾಕ್ಸಿ ರಾಳವನ್ನು. ಅದು ಕುಗ್ಗುವುದು ಕಡಮೆ, ಆದರೆ ಗಟ್ಟಿಯಾಗುವುದು ಬಹಳ ನಿಧಾನ. ರೋಗಿ ಅಷ್ಟು ಹೊತ್ತು ಬಾಯಿ ತೆರೆದುಕೊಂಡು ಕೂರುವಂತಿಲ್ಲ. ಆದುದರಿಂದ ಅವರು ಎಪಾಕ್ಸಿಯ ದೊಡ್ಡ ಮೈಗೆ ಅಕ್ರಿಲಿಕ್ ಜಾತಿಯ ಚುರುಕಾದ ತುದಿಗಳನ್ನು ಜೋಡಿಸಿ ಹೊಸದೊಂದು ಅಣುವನ್ನು ನಿರ್ಮಿಸಿದರು. ಅದರ ಸಂಕ್ಷಿಪ್ತ ಹೆಸರು ಬಿಸ್-ಜಿಎಂಎ. ಅಣು ದೊಡ್ಡದಾದುದರಿಂದ ಕುಗ್ಗುವಿಕೆ ಕಡಮೆ. ತುದಿಗಳು ಚುರುಕಾದುದರಿಂದ ಬೇಗ ಗಟ್ಟಿಯಾಗುತ್ತದೆ.

ಅವರ ಎರಡನೆಯ ಹೆಜ್ಜೆ ಇನ್ನೂ ಮಹತ್ವದ್ದು. ಗಾಜಿನ ಜಾತಿಯದೇ ಆದ ಸಿಲಿಕಾ ಪುಡಿಯನ್ನು ರಾಳಕ್ಕೆ ಬೆರೆಸುವ ಮುಂಚೆ ಅದರ ಕಣಗಳಿಗೆ ಸಿಲೇನ್ ಎಂಬ ರಾಸಾಯನಿಕದ ಲೇಪ ಕೊಟ್ಟರು. ಸಿಲೇನ್ ಎರಡು ಕೈಗಳುಳ್ಳ ಅಣು. ಅದರ ಒಂದು ಕೈ ಗಾಜಿನ ಮೈಯನ್ನು ಹಿಡಿಯುತ್ತದೆ. ಇನ್ನೊಂದು ಕೈ, ರಾಳ ಗಟ್ಟಿಯಾಗುವಾಗ, ರಾಳದ ಸರಪಣಿಯಲ್ಲಿ ತಾನೂ ಒಂದು ಕೊಂಡಿಯಾಗಿ ಸೇರಿಕೊಳ್ಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಗಾಜಿಗೂ ರಾಳಕ್ಕೂ ಹೀಗೆ ನಂಟು ಬೆಳೆಯಿತು. 1962ರಲ್ಲಿ ಬೋವೆನ್ನರಿಗೆ ಇದರ ಪೇಟೆಂಟ್ ದೊರೆಯಿತು. ಇಂದು ಹಲ್ಲಿಗೆ ತುಂಬುವ ಬಿಳಿಯ ಕಾಂಪೊಸಿಟ್‌ಗಳಲ್ಲಿ ಬಹುಪಾಲು ಆ ಮನೆತನಕ್ಕೆ ಸೇರಿದವೇ.

ಕಣ್ಣಿಗೆ ಕಾಣದಷ್ಟು ತೆಳುವಾದ ಆ ಲೇಪದಿಂದ ಆಗುವ ವ್ಯತ್ಯಾಸವೇನು? ಗಾಜಿನ ಕಣವೊಂದು ರಾಳದ ನಡುವೆ ಕುಳಿತಿದೆಯೆಂದು ಭಾವಿಸೋಣ. ವಸ್ತುವನ್ನು ಎರಡು ಕಡೆಯಿಂದ ಜಗ್ಗಿದಾಗ, ಕಣ ರಾಳಕ್ಕೆ ಅಂಟಿದ್ದರೆ ಆ ಸೆಳೆತದ ಬಹುಪಾಲನ್ನು ತಾನು ಹೊರುತ್ತದೆ; ಏಕೆಂದರೆ ಇಂಥ ರಾಳಕ್ಕಿಂತ ಗಾಜು ಇಪ್ಪತ್ತು ಪಟ್ಟಿಗೂ ಹೆಚ್ಚು ಬಿಗುವಾದುದು. ಅಂಟಿರದಿದ್ದರೆ ಕಣದ ಸುತ್ತ ರಾಳ ಬಿಟ್ಟುಕೊಂಡು ಟೊಳ್ಳಾಗುತ್ತದೆ. ಆಗ ಗಾಜಿನ ಕಣವಿರುವುದೂ ಒಂದೇ, ಅಲ್ಲಿ ಒಂದು ತೂತಿರುವುದೂ ಒಂದೇ. ಪುಡಿ ಹೆಚ್ಚಿದಷ್ಟೂ ತೂತು ಹೆಚ್ಚಿ, ಬಲ ಬರುವುದರ ಬದಲು ಇದ್ದ ಬಲವೂ ಕುಂದುತ್ತದೆ. ಅದೇ ರಾಳ, ಅದೇ ಗಾಜು, ಅದೇ ಅಳತೆ. ನಡುವಣ ನಂಟೊಂದರಿಂದ ವಸ್ತುವಿನ ಹಣೆಬರಹವೇ ಬದಲಾಗುತ್ತದೆ.

ಬಾಗಿಸಿ ನೋಡುವ ಪರೀಕ್ಷೆ

ಈ ಬಲವನ್ನು ಅಳೆಯುವ ವಿಧಾನ ಸರಳವಾದುದು. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಕಾಂಪೊಸಿಟ್‌ನಿಂದ 2 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪ, 25 ಮಿಲಿಮೀಟರ್ ಉದ್ದದ ಕಡ್ಡಿಯೊಂದನ್ನು ಮಾಡುತ್ತಾರೆ. ಬಾಯಿಯ ಶಾಖಕ್ಕೆ ಸಮನಾದ 37 ಡಿಗ್ರಿ ಬೆಚ್ಚನೆಯ ನೀರಿನಲ್ಲಿ ಒಂದು ದಿನ ನೆನೆಹಾಕುತ್ತಾರೆ. ಬಳಿಕ 20 ಮಿಲಿಮೀಟರ್ ಅಂತರದ ಎರಡು ಆಧಾರಗಳ ಮೇಲೆ ತೊಲೆಯಂತೆ ಮಲಗಿಸಿ, ನಡುವೆ ಮುರಿಯುವವರೆಗೆ ಒತ್ತುತ್ತಾರೆ. ಅಗಿಯುವ ಮೇಲ್ಮೈಗೆ ಬಳಸಬೇಕಾದರೆ ಅದರ ಬಾಗುಬಲ 80 ಮೆಗಾಪ್ಯಾಸ್ಕಲ್ಲಿಗೆ ಕಡಮೆಯಿರಕೂಡದು. ಲೆಕ್ಕ ಹಾಕಿದರೆ, ಬೆಂಕಿಕಡ್ಡಿಯಂತಿರುವ ಆ ತುಂಡು ನಡುವೆ ಎರಡು ಕಿಲೋಗ್ರಾಮಿಗೆ ಮೇಲ್ಪಟ್ಟ ತೂಕವನ್ನು ಹೊತ್ತು ನಿಲ್ಲಬೇಕೆಂದಾಯಿತು.

ಹಲ್ಲು ಅಗಿಯುವುದು ಒತ್ತಿ ತಾನೇ, ಬಾಗಿಸಿ ನೋಡುವುದೇಕೆ ಎಂದು ಓದುಗರು ಕೇಳಬಹುದು. ಕಡ್ಡಿ ಬಾಗಿದಾಗ ಅದರ ಮೇಲ್ಮೈ ಒತ್ತಲ್ಪಡುತ್ತದೆ, ಕೆಳಮೈ ಹಿಗ್ಗಿಸಲ್ಪಡುತ್ತದೆ. ಗಾಜು, ಕಲ್ಲು, ಕಾಂಕ್ರೀಟುಗಳೆಲ್ಲ ಒತ್ತುವುದಕ್ಕೆ ಶೂರರು, ಜಗ್ಗುವುದಕ್ಕೆ ಹೇಡಿಗಳು. ಬರಿದೆ ಒತ್ತಿ ನೋಡಿದರೆ ಅಂಟದ ಕಣವೂ ಹೊರೆ ಹೊತ್ತಂತೆ ನಟಿಸಬಲ್ಲದು. ಜಗ್ಗಿದಾಗಲೇ ಅದರ ಬಣ್ಣ ಬಯಲಾಗುವುದು. ಅಡಕೆಯ ಚೂರೊಂದು ಹಲ್ಲಿನ ಒಂದು ಮೂಲೆಗೆ ಸಿಕ್ಕಾಗ ಬೀಳುವ ಒತ್ತಡ ನೇರವಾದುದಲ್ಲ. ತುಂಬಿದ ವಸ್ತುವಿನ ಒಂದು ಪಕ್ಕ ಒತ್ತಲ್ಪಟ್ಟರೆ ಇನ್ನೊಂದು ಪಕ್ಕ ಜಗ್ಗಲ್ಪಡುತ್ತದೆ. ಬಿರುಕು ಹುಟ್ಟುವುದು ಅಲ್ಲಿಯೇ.

ಬಿರುಕಿನ ವಿಷಯವನ್ನು ಮೊದಲು ಶಾಸ್ತ್ರೀಯವಾಗಿ ತಿಳಿಸಿದವರು ಇಂಗ್ಲೆಂಡಿನ ಎ. ಎ. ಗ್ರಿಫಿತ್. ಗಾಜು ತನಗೆ ಇರಬೇಕಾದಷ್ಟು ಬಲವನ್ನು ತೋರದಿರುವುದಕ್ಕೆ ಅದರಲ್ಲಿರುವ ಅತಿ ಸಣ್ಣ ಬಿರುಕುಗಳೇ ಕಾರಣವೆಂದು 1921ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಅವರು ತೋರಿಸಿದರು. ಗಾಜನ್ನು ತೆಳ್ಳನೆಯ ಎಳೆಯಾಗಿ ಎಳೆದಷ್ಟೂ ಅದರ ಬಲ ಏರುವುದನ್ನೂ ಅವರು ಕಂಡರು. ಕಿಟಕಿಯ ಗಾಜಿನಲ್ಲಿ ಉದ್ದನೆಯ ಬಿರುಕಿಗೆ ಎಡೆಯಿದೆ. ಧೂಳಿನಂಥ ಕಣದಲ್ಲಿ ಎಡೆಯೆಲ್ಲಿ? ಇನ್ನು ರಾಳದಲ್ಲಿ ಹುಟ್ಟಿದ ಬಿರುಕು ನೇರವಾಗಿ ಸಾಗಬೇಕೆಂದರೆ ಹೆಜ್ಜೆಹೆಜ್ಜೆಗೂ ಗಾಜಿನ ಕಣ ಅಡ್ಡ ನಿಂತಿರುತ್ತದೆ. ಅದನ್ನು ಬಳಸಿ, ತಿರುಗಿ, ಬಾಗಿ ಹೋಗುವುದರಲ್ಲಿ ಬಿರುಕಿನ ಶಕ್ತಿ ಖರ್ಚಾಗುತ್ತದೆ. ಒಡೆಯುವ ಗಾಜು ಒಡೆಯದಂತೆ ಕಾಯುವ ಕಾವಲುಗಾರನಾಗುವ ಸೋಜಿಗ ಇದೇ.

ಜಲ್ಲಿ, ಮರಳು, ಧೂಳು

ಹಾಗಾದರೆ ಕಣ ಎಷ್ಟು ಸಣ್ಣದಿರಬೇಕು? ಮೊದಲ ಕಾಂಪೊಸಿಟ್‌ಗಳ ಕಣಗಳು ಹತ್ತಾರು ಮೈಕ್ರಾನ್ ಗಾತ್ರದವು. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ಅಗಿಯುತ್ತ ಅಗಿಯುತ್ತ ಮೆತ್ತನೆಯ ರಾಳ ಸವೆದು, ಗಾಜಿನ ಕಣಗಳು ಹಳೆಯ ಗಾರೆ ನೆಲದ ಕಲ್ಲುಗಳಂತೆ ಎದ್ದು ನಿಲ್ಲುತ್ತಿದ್ದುವು. ಕೊನೆಗೆ ಕಿತ್ತು ಬರುತ್ತಿದ್ದುವು. ಮೇಲ್ಮೈ ತರಕಾಗಿ ಕಾಫಿಯ ಕಲೆ ಹಿಡಿಯುತ್ತಿತ್ತು.

ಕಣವನ್ನು ಸಣ್ಣದು ಮಾಡಿದರೆ ನುಣುಪೇನೋ ಬಂದಿತು, ಆದರೆ ಬೇರೊಂದು ತೊಡಕು ಹುಟ್ಟಿತು. ಒಂದು ಸೆಂಟಿಮೀಟರ್ ಪಕ್ಕದ ಗಾಜಿನ ಘನದ ಮೈ ಒಟ್ಟು 6 ಚದರ ಸೆಂಟಿಮೀಟರ್. ಅದನ್ನು ಒಂದು ಮೈಕ್ರಾನಿನ ಘನಗಳಾಗಿ ಕತ್ತರಿಸಿದರೆ ಅವೆಲ್ಲದರ ಮೈ 6 ಚದರ ಮೀಟರ್, ಅಂದರೆ ಚಿಕ್ಕದೊಂದು ಕೋಣೆಯ ನೆಲದಷ್ಟು! ಅಷ್ಟು ಮೈಯನ್ನು ತೋಯಿಸುವುದಕ್ಕೇ ರಾಳ ಮುಗಿದುಹೋಗಿ ಲೇಪ ಗಂಟುಗಟ್ಟುತ್ತದೆ. ಗಾಜಿನ ಪಾಲನ್ನು ಕಡಮೆ ಮಾಡದೆ ವಿಧಿಯಿಲ್ಲ. ಗಾಜು ಕಡಮೆಯಾದರೆ ಬಲವೂ ಕಡಮೆ. 1970ರ ದಶಕದ ಕೊನೆಗೆ ಬಂದ, ಮೈಕ್ರಾನಿನ ಇಪ್ಪತ್ತೈದರ ಒಂದು ಪಾಲಿನಷ್ಟು ಸಣ್ಣ ಕಣಗಳ ಲೇಪಗಳು ಮುಂಬಾಯಿಯ ಹಲ್ಲಿಗೆ ಒಪ್ಪಿದುವು, ದವಡೆಯ ಹೊರೆಗೆ ಸೋತವು. ಪರಿಹಾರ ದೊರೆತುದು ಮತ್ತೆ ಮೇಸ್ತ್ರಿಯ ಜಾಣ್ಮೆಯಿಂದಲೇ: ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಧೂಳು. ದೊಡ್ಡ, ಸಣ್ಣ, ಅತಿ ಸಣ್ಣ ಕಣಗಳನ್ನು ಹದವಾಗಿ ಬೆರೆಸಿದರೆ ಗಾಜು ಹೆಚ್ಚು ಹಿಡಿಯುತ್ತದೆ, ರಾಳ ಕಡಮೆ ಸಾಕು, ನುಣುಪೂ ಕೆಡದು.

ಕುಗ್ಗುವುದು, ನೆನೆಯುವುದು

ಇಷ್ಟೆಲ್ಲ ಆದರೂ ರಾಳದ ಹುಟ್ಟುಗುಣ ಪೂರ್ತಿ ಹೋಗಲಿಲ್ಲ. ಗಾಜಿನ ಪಾಲು ಹೆಚ್ಚಾದುದರಿಂದ ಕಾಂಪೊಸಿಟ್ ಕುಗ್ಗುವುದು ಗಾತ್ರದಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ. ಆದರೆ ಹಲ್ಲಿನ ಕುಳಿಯಲ್ಲಿ ಅಷ್ಟೇ ಸಾಕು. ಅಂಚಿನಲ್ಲಿ ಕೂದಲೆಳೆಗಿಂತ ತೆಳುವಾದ ಬಿರುಕು ಬಿಟ್ಟರೂ ಸೂಕ್ಷ್ಮಜೀವಿಗೆ ಅದು ಹೆಬ್ಬಾಗಿಲು. ಈ ಅಂಚನ್ನು ಭದ್ರಪಡಿಸಲು ನೆರವಾದುದು ಮೈಕೆಲ್ ಬ್ಯೂನಕೋರ್ ಅವರು 1955ರಲ್ಲಿ ಪ್ರಕಟಿಸಿದ ಉಪಾಯ. ಲೋಹಕ್ಕೆ ಬಣ್ಣ ಹಚ್ಚುವ ಮುಂಚೆ ಫಾಸ್ಫಾರಿಕ್ ಆಮ್ಲದಿಂದ ಅದನ್ನು ಹದಗೊಳಿಸುವ ಕಾರ್ಖಾನೆಯ ಪದ್ಧತಿಯಿಂದ ಅವರಿಗೆ ಇದು ಹೊಳೆದಿತ್ತು. ಆ ಆಮ್ಲವನ್ನು ಹಲ್ಲಿನ ಹೊರಪದರಕ್ಕೆ ಅರೆಗಳಿಗೆ ಹಚ್ಚಿ ತೊಳೆದರೆ ಅದರಲ್ಲಿ ಸೂಕ್ಷ್ಮವಾದ ಗುಳಿಗಳಾಗುತ್ತವೆ. ರಾಳ ಅವುಗಳೊಳಗೆ ಬೇರಿಳಿಸಿ ಕಚ್ಚಿಕೊಳ್ಳುತ್ತದೆ. ಇದರಿಂದ ಮಡಕೆಯಾಕಾರಕ್ಕೆ ಕೊರೆಯುವ ಅಗತ್ಯ ತಪ್ಪಿತು. ಹುಳುಕಿದ್ದಷ್ಟನ್ನೇ ತೆಗೆದು ಉಳಿದ ಹಲ್ಲನ್ನು ಉಳಿಸುವುದು ಸಾಧ್ಯವಾಯಿತು. ಬಿಳಿಯ ಬಣ್ಣಕ್ಕಿಂತಲೂ ದೊಡ್ಡದಾದ ಲಾಭ ಇದೇ.

ನೀಲಿ ಬೆಳಕೂ ಒಂದೇ ಏಟಿಗೆ ಆಳಕ್ಕೆ ಇಳಿಯದು. ಸಾಮಾನ್ಯ ಕಾಂಪೊಸಿಟ್‌ನಲ್ಲಿ ಅದು ಸರಿಯಾಗಿ ಗಟ್ಟಿಗೊಳಿಸುವುದು ಸುಮಾರು 2 ಮಿಲಿಮೀಟರ್ ಆಳದವರೆಗೆ. ಆದುದರಿಂದ ಎಚ್ಚರವುಳ್ಳ ವೈದ್ಯರು ಆಳವಾದ ಕುಳಿಯನ್ನು ಪದರಪದರವಾಗಿ ತುಂಬಿ, ಒಂದೊಂದು ಪದರಕ್ಕೂ ಬೆಳಕು ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ಎಂಜಲು ತಗುಲಿದರೆ ಅಂಟು ಕೆಟ್ಟಿತೆಂದೇ ಲೆಕ್ಕ. ಕುರ್ಚಿಯಲ್ಲಿ ಕುಳಿತ ರೋಗಿ ಇಷ್ಟು ತಡವೇಕೆ ಎಂದು ಗೊಣಗುವುದುಂಟು. ಆ ತಡವೇ ಹಲ್ಲಿನ ಆಯುಸ್ಸು.

ನೀರು ಇನ್ನೊಬ್ಬ ಶತ್ರು. ವರ್ಷಗಳು ಕಳೆದಂತೆ ಎಂಜಲಿನ ತೇವ ರಾಳದೊಳಗೆ ಇಂಗುತ್ತದೆ. ಇಂಗಿದ ನೀರು ಸಿಲೇನ್ ಗಾಜನ್ನು ಹಿಡಿದ ಕೈಯನ್ನು ಒಂದೊಂದಾಗಿ ಬಿಡಿಸುತ್ತದೆ. ದಿನಕ್ಕೆ ಸಾವಿರಾರು ಸಲ ಬೀಳುವ ಅಗಿತದ ಪೆಟ್ಟು ಅದಕ್ಕೆ ಜೊತೆಗೂಡುತ್ತದೆ. ಮೊದಲ ದಿನ 80 ಮೆಗಾಪ್ಯಾಸ್ಕಲ್ ದಾಟಿದ ವಸ್ತು ಹತ್ತು ವರ್ಷಗಳ ಬಳಿಕವೂ ಅಷ್ಟೇ ಬಲವುಳ್ಳದ್ದಾಗಿರುವುದೆಂದು ತಿಳಿಯಲಾಗದು.

ಲಿಸ್ಬನ್ನಿನ ಮಕ್ಕಳು ಕೊಟ್ಟ ಉತ್ತರ

ಹಾಗಾದರೆ ಬೆಳ್ಳಿಯದು ಮೇಲೋ ಬಿಳಿಯದು ಮೇಲೋ? ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ 8ರಿಂದ 12 ವರ್ಷದ 472 ಮಕ್ಕಳ ಹಿಂಬದಿಯ ಹಲ್ಲುಗಳಲ್ಲಿ ಎರಡನ್ನೂ ತುಂಬಿ ಹೋಲಿಸಿ ನೋಡಿದರು. ಫಲ 2007ರಲ್ಲಿ ಪ್ರಕಟವಾಯಿತು. ಏಳು ವರ್ಷಗಳ ಕಾಲ ಉಳಿದುವೆಂದು ಕಂಡುಬಂದುವು ಅಮಾಲ್ಗಮ್ಮಿನಲ್ಲಿ ನೂರಕ್ಕೆ 94.4, ಕಾಂಪೊಸಿಟ್‌ನಲ್ಲಿ ನೂರಕ್ಕೆ 85.5. ಬಿಳಿಯದು ಸೋತುದಕ್ಕೆ ಮುಖ್ಯ ಕಾರಣ ಅದು ಮುರಿದುದಲ್ಲ; ಅಂಚಿನಲ್ಲಿ ಮತ್ತೆ ಹುಳುಕು ಹತ್ತಿದುದು. ಗಾಜೂ ರಾಳವೂ ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದುವು. ಲೇಪಕ್ಕೂ ಹಲ್ಲಿಗೂ ನಡುವಣ ಹಿಡಿತ ಸಡಿಲಿತ್ತು.

ಆದರೂ ಜಗತ್ತು ಬಿಳಿಯದರತ್ತಲೇ ನಡೆಯುತ್ತಿದೆ. ಅದಕ್ಕೆ ಕಾರಣ ಅಂದ ಮಾತ್ರವಲ್ಲ, ಪಾದರಸ ನೀರನ್ನೂ ನೆಲವನ್ನೂ ಕೆಡಿಸುವುದೆಂಬ ಭಯವೂ ಹೌದು. 2013ರ ಮಿನಮಾಟಾ ಒಪ್ಪಂದ ಅಮಾಲ್ಗಮ್ಮಿನ ಬಳಕೆಯನ್ನು ಇಳಿಸಬೇಕೆಂದಿತು. ಐರೋಪ್ಯ ಒಕ್ಕೂಟ 2025ರ ಜನವರಿ 1ರಿಂದ, ವೈದ್ಯಕೀಯವಾಗಿ ಅನಿವಾರ್ಯವಾದಾಗ ಹೊರತು, ಅದನ್ನು ನಿಲ್ಲಿಸಿತು.

ಹಾಗಿರುವಾಗ ಬಿಳಿಯ ಹಲ್ಲು ತುಂಬಿಸಿಕೊಂಡ ಮನೆಮಂದಿ ತಿಳಿದಿರಬೇಕಾದುದು ಇಷ್ಟು. ತುಂಬಿಸಿದ ಹಲ್ಲು ಮರೆತುಬಿಡಬಹುದಾದ ಹಲ್ಲಲ್ಲ. ಅದರ ಅಂಚನ್ನು ರಾತ್ರಿ ಮಲಗುವ ಮುಂಚೆ ಉಜ್ಜಿ ಶುಚಿಯಾಗಿಡಬೇಕು. ಆಗಾಗ ವೈದ್ಯರಿಗೆ ತೋರಿಸಬೇಕು. ಮಕ್ಕಳ ಸಿಹಿತಿಂಡಿಗೆ ಹೊತ್ತುಗೊತ್ತು ಇರಬೇಕು. ಒಮ್ಮೆ ತುಂಬಿದುದು ಕೆಟ್ಟರೆ ಮತ್ತೆ ಕೊರೆಯಬೇಕು, ಪ್ರತಿ ಸಲವೂ ಕುಳಿ ತುಸು ದೊಡ್ಡದಾಗುತ್ತದೆ, ಹಲ್ಲು ತುಸು ಸಣ್ಣದಾಗುತ್ತದೆ. ಎಂಥ ಗಟ್ಟಿಯಾದ ಗಾರೆಯೂ ಹುಟ್ಟಿನಿಂದ ಬಂದ ಕಲ್ಲಿಗೆ ಸಮನಲ್ಲ. ಹಲ್ಲೂ ಕಡಲೆಯೂ ಒಟ್ಟಿಗೆ ಇರುವ ಕಾಲವನ್ನು ಬೋವೆನ್ನರ ಲೇಪ ಕೆಲವು ವರ್ಷ ಮುಂದಕ್ಕೆ ನೂಕಿದೆ. ಆ ವರ್ಷಗಳನ್ನು ಉಳಿಸಿಕೊಳ್ಳುವ ಹೊಣೆ ಮಾತ್ರ ಕಡಲೆ ತಿನ್ನುವವರದೇ.